ಬರೆ ಬಿದ್ದ ಮಂಡಿ

ಅಂಗಲ್ಲ ಕಣವ್ವಾ ಸೌಮ್ಯ, ಫುಟ್ಬಾಲ್ನಾಗೆ ಗೋಲು ಒಡೆಯೋನ್ಗೆ ಏನ್ ಎದ್ರಿಕೆ? ಅವ್ನು ಎಷ್ಟ್ ಕಿತ ತಪ್ಪುದ್ರೂ ಒಂದ್ ಕಿತ ಒಡುದ್ರೆ ಎಗಲ ಮ್ಯಾಲೆ ಎತ್ಕಂಡು ಮೆರೆಸ್ತಾರೆ. ನಿಮ್ ತಾತ ನಾನು ಬ್ಯಾಕು. ಬ್ಯಾಕು ಅಂದ್ರೆ ಗೊತ್ತಾ, ಗೋಲು ಮುಂದ್ಗಡೆ ನಿಂತ್ಕಂಡು ನುಗ್ಗಿ ಬರೋರ್ನ ತಡಿಯೋನು. ಆಟೊತ್ತೂ ತಡುದು, ಕೊನೇಗೆ ಒಬ್ಬುನ್ನ ಬುಟ್ಟೆ ಅನ್ನು, ಮುಗೀತು, ಎಲ್ರೂ ಉಗಿಯೋರೇಯ. ನಂಗೆ ಮದ್ಲಿಂದ್ಲೂ ಎದ್ರಿಕೆ. ಬೆಂಗ್ಳೂರ್ನಾಗೆ ಒಂದು ಕಾರ್ಖಾನೆಯೋರು ನನ್ನ ಆಟ ನೋಡಿ ಕರ್ಕಂಡೋಗಿದ್ರು. ಎಪ್ಪತ್ಮೂರ್ರಾಗೋ ನಾಕ್ರಾಗೋ, ನಿಮ್ಮಪ್ಪ ಇನ್ನೂ ಉಟ್ಟಿರ್ನಿಲ್ಲ. ಬೆಳಿಗ್ಗೆ ಮಿಸೀನ್ ತಾವ ನಿಲ್ಲೋದು, ಮದ್ಯಾನದ ಮ್ಯಾಕೆ ಮೈದಾನ. ಸಂಬ್ಳ ಮಾತ್ರ ಆಟಕ್ಕೇಯ. ನಮ್ಮಪ್ಪ ನಮ್ಮೂರು ಆತಗೂರ್ನಾಗೆ ಆರು ಕಟ್ಕಂಡು ಒಲ ಉಳ್ತಿದ್ದೋನು, ನಂಬ್ತಲೇ ಇರ್ನಿಲ್ಲ. "ಲೇ, ಚೆಂಡು ಒದ್ದುದ್ಕೆ ಯಾವನ್ಲಾ ಸಂಬ್ಳ ಕೊಟ್ಟಾನು? ಸರ್ಯಾಗಿ ಯೋಳ್ಲಾ, ಅಲ್ಲಿ ಏನ್ ಕಿಸೀತಿದ್ದೀಯೆ?" ಅನ್ನೋನು. ಆದ್ರೆ ಕೆಲ್ಸ ಟೆಂಪರವರಿ ಕಣವ್ವಾ. ಇವತ್ತು ಕಾಯಂ ಮಾಡ್ತೀವಿ ನಾಳೆ ಕಾಯಂ ಮಾಡ್ತೀವಿ ಅಂತ ಯೋಳ್ತಲೇ ಇದ್ರು. ಕಾಲು ಓದ್ರೆ ಕೆಲ್ಸವೂ ಓದಂಗೇಯ. ಅದೇ ನನ್ನೆದೆ ಮ್ಯಾಲೆ ಕೂತಿತ್ತು.

ಕೂತಿತ್ತಾ, ಅಷ್ಟ್ರಲ್ಲಿ ಪ್ರಾಕ್ಟೀಸ್ ಮಾಡ್ತಾ ಮಾಡ್ತಾ ಬಲಗಡೆ ಮಂಡಿ ಲಟಕ್ ಅಂತು. ಯಾರ್ಗೂ ಉಸ್ರು ಬುಡ್ನಿಲ್ಲ. ಮನೇಲಿ ಮದ್ವೆ ಅದೆ ಅಂತ ಸುಳ್ಳೇಳಿ ರಜ ಆಕಿ ಊರ್ಗೆ ಬಂದೆ. ನಮ್ಮವ್ವ ಊದ್ಕಂಡಿದ್ದುದ್ನ ನೋಡ್ಬುಟ್ಟು, "ಅಯ್ಯೋ ನನ್ ಮಗನೇ, ವಾಯು ಇಡ್ಕಂಡದೆ ಕಣ್ಲಾ, ಬರೆ ಆಕ್ಸುದ್ರೇಯ ಬುಡೋದು" ಅಂತ ಬೆಸಗರಳ್ಳೀಗೆ ಕರ್ಕಂಡೋದ್ಲು. ಅಲ್ಲಿ ಒಬ್ಳು ಅಜ್ಜಿ ಬರೆ ಆಕೋಳು. ಕಬ್ಬುಣದ ಕಡ್ಡಿ ಕೆಂಪುಗೆ ಕಾಯ್ಸಿ, ನಮ್ಮವ್ವನ ಕೈಲಿ ನನ್ ತಲೆ ಇಡ್ಸಿ, ಮಂಡಿ ಸುತ್ತ ಚುಯ್ ಚುಯ್ ಅಂತ ಗೀಟು ಎಳುದ್ಲು. ನಾನು ಅರಚ್ಕಂಡುದ್ದು ಬಸ್‌ಸ್ಟಾಂಡ್ ಗಂಟ ಕೇಳ್ಸಿರ್ಬೇಕು. ನೋವು ಓಗ್ನಿಲ್ಲ, ಗೀಟು ಮಾತ್ರ ಉಳ್ಕಂಡ್ವು. ಫುಟ್ಬಾಲ್ ಆಡೋದು ಚಡ್ಡಿ ಆಕ್ಕಂಡು ಅನ್ನೋದು ನಮ್ಮವ್ವನ್ಗೆ ಎಲ್ಲಿ ಗೊತ್ತು ಪಾಪ, ನಂಗೂವೆ ಆ ಗಳ್ಗೇಲಿ ಒಳೀನಿಲ್ಲ ನೋಡು. ಬೆಂಗ್ಳೂರಿಗೋದ್ರೆ ಮ್ಯಾನೇಜರ್ರು, "ಏನ್ರೀ ಅದು ಮಂಡೀಲಿ?" ಅಂದ್ರು. "ನೀರಂಡೆ ತಗುಲ್ತು ಸಾರ್" ಅಂದೆ. ನಂಬ್ಕಂಡ್ರು. ಬೆಂಗ್ಳೂರೋರು ಅಲ್ವಾ, ಬರೆ ಗಿರೆ ಏನ್ ಗೊತ್ತು ಅವ್ರಿಗೆ.

ಗೊತ್ತಿರೋರು ಇರೋದು ನಮ್ ಸೀಮೇಲಿ. ಅದೇ ಸೀಮೇಗೇ ಮ್ಯಾಚು ಬಂತು! ಮಂಡ್ಯದಾಗೆ ಪಂದ್ಯ, ನಮ್ ಕಾರ್ಖಾನೆ ದೊಡ್ಡ ಸಾಹೇಬ್ರೇ ನೋಡಾಕೆ ಬತ್ತಾರೆ, ಇದಾದ್ ಮ್ಯಾಕೆ ಯಾರ್ನ ಕಾಯಂ ಮಾಡೋದು ಅಂತ ತೀರ್ಮಾನ. ಮಂಡ್ಯದೋರ ಕಡೆ ಮುಂದ್ಗಡೆ ಆಡೋನು ನಂಜುಂಡ ಅಂತ, ಮಳವಳ್ಳಿಯೋನು, ಓಡೋಕ್ ನಿಂತ ಅಂದ್ರೆ ಬಸ್ಸೂ ಇಡೀನಾರ್ದು. ಆಟಕ್ಕೆ ಮದ್ಲು ಕೈ ಕೊಡ್ತೀವಲ್ಲ, ಕೈ ಕೊಟ್ಟೋನು ನನ್ ಮಂಡೀನೇ ನೋಡ್ದ. ಬೋ ಮೆತ್ಗೆ, "ಏನಣ್ಣಾ, ವಾಯುಗೆ ಬರೆ ಆಕ್ಸಿದ್ದೀಯಾ?" ಅಂದ. ಆಮ್ಯಾಕೆ ನೋಡು, ಬಂದ್ರೆ ನನ್ ಬಲಗಡೀಕೇ ಬತ್ತಾನೆ. ಆ ಕಡೆ ತಿರ್ಗಾಕೆ ಮಂಡಿ ಒಪ್ಪಾಕಿಲ್ಲ. ಒಂದು ಚೆಂಡು ಕಂಬಕ್ಕೆ ಬಡುದು ಆಚ್ಗೋಯ್ತು, ಇನ್ನೊಂದ್ನ ನಮ್ ಗೋಲ್‌ಕೀಪರ್ರು ಡೇವಿಡ್ಡು ಎಂಗೋ ತಡ್ದ. ನಮ್ಮಪ್ಪ ಬ್ಯಾರೆ ಊರೋರ್ನೆಲ್ಲ ಕಟ್ಕಂಡು ಬಂದು ಗೆರೆ ತಾವ್ಲೇ ಕೂತವ್ನೆ. ನಂಗೆ ಉಚ್ಚೆ ಬರಂಗಾಗದೆ ಕಣವ್ವಾ, ನಗ್ಬ್ಯಾಡ, ದಿಟ್ವಾಗ್ಲೂ.

ಆಫ್ ಟೈಮ್ನಾಗೆ ಡೇವಿಡ್ಡು ಬಂದು ಪಕ್ಕದಾಗೆ ಕೂತ್ಕಂಡ. "ಯಾಕೋ ಬಲಗಡೆ ಹಿಂಗೆ ಬಿಟ್ಕೊಡ್ತಿದ್ದೀಯಾ?" ಅಂದ. ಯೋಳುದ್ರೆ ಮ್ಯಾನೇಜರ್ಗೆ ಊದ್ಬುಡ್ತಾನೆ, ಯೋಳ್ದಿದ್ರೆ ಗೋಲ್ ಬೀಳ್ತದೆ. ಎರಡ್ರಾಗೂ ನನ್ ಕೆಲ್ಸ ಓಯ್ತದೆ. ಅವ್ನ ಮಕ ನೋಡ್ದೆ, ಮ್ಯಾನೇಜರ್ ಕಡೀಕೆ ನೋಡ್ದೆ, ಆಮ್ಯಾಕೆ ಅದೇನ್ ಧೈರ್ಯ ಬಂತೋ, ಧೈರ್ಯ ಅಲ್ಲ, ಎದ್ರಿಕೇನೇಯ, ಬಾಯಿ ಬುಟ್ಬುಟ್ಟೆ. "ಬಲಗಾಲು ತಿರ್ಗಾಕಿಲ್ಲ ಕಣಪ್ಪ ಡೇವಿಡ್ಡು." ಅವ್ನು ನೀರು ಕುಡುದ, ಬಾಯಿ ಒರುಸ್ಕಂಡ. ನಂಗೆ ಜೀವ ಓಗಿ ಜೀವ ಬತ್ತಾ ಅದೆ. ಆಮ್ಯಾಕೆ ಅಂದ, "ಮುಂಚೇನೇ ಬಲಗಡೆ ಹೋಗಿ ನಿಂತ್ಕೋ. ಎಡಗಡೆ ಬಿಟ್ಬಿಡು. ಅಲ್ಲಿ ಬಂದ್ರೆ ನಾನಿದೀನಿ."

ಅಂಗೇ ನಿಂತೆ. ನಂಜುಂಡ ಬಂದ, ದಾರಿ ಇಲ್ಲ, ವಾಪಸ್ ಓದ. ಇನ್ನೊಂದ್ ಕಿತ ಬಂದ, ಓದ. ಇನ್ನೇನು ಮುಗೀತದೆ ಅನ್ನುವಾಗ ಅವ್ನಿಗೂ ತಿಳೀತು ಅಂತ ಕಾಣ್ತದೆ, ಸರ್ರಂತ ನನ್ ಎಡಕ್ಕೆ ನುಗ್ದ. ನಾನು ಗಬುಕ್ನೆ ತಿರ್ಗುದ್ನಾ, ಮಂಡಿ ಕಳಚ್ದಂಗಾಗಿ ದಬಕ್ ಅಂತ ಬಿದ್ದೆ. ಕಣ್ಣು ಮುಚ್ಕಬುಟ್ಟೆ. ಮುಗೀತು, ನಾಳೆಯಿಂದ ಅಪ್ಪನ ಜತೆ ಉಳಾದೇಯ ಅಂದ್ಕಂಡೆ. ಜನ ಓ ಅಂದ್ರು. ಕಣ್ಬುಟ್ಟು ನೋಡ್ತೀನಿ, ಡೇವಿಡ್ಡು ಆಗ್ಲೇ ಕಂಬ ಬುಟ್ಟು ಮುಂದುಕ್ಕೆ ಬಂದ್ಬುಟ್ಟು, ಚೆಂಡ್ನ ವಟ್ಟೇಗೆ ಅವ್ಚ್ಕಂಡು ಮಣ್ಣಾಗೆ ಮಲ್ಗವ್ನೆ! ನಂಜುಂಡನ ಬೂಟು ತಗುಲಿ ತುಟಿ ಒಡ್ದು ರಕ್ತ ಸುರೀತಾ ಅದೆ. ಅಂಗೇ ನನ್ ಕಡೀಕೆ ನೋಡಿ, ಏಳು ಏಳು ಅಂತ ಕಣ್ಣಾಗೇ ಯೋಳ್ತಾವ್ನೆ. ನಾನು ಬೀಳ್ತೀನಿ ಅಂತ ಅವ್ನಿಗೆ ಗೊತ್ತಿತ್ತು ಕಣವ್ವಾ, ಅದ್ಕೇಯ ಮದ್ಲೇ ಬಂದಿದ್ದ. ಗೊತ್ತಿರ್ನಿಲ್ಲ ಅಂದಿದ್ರೆ ಕಂಬದ ತಾವ್ಲೇ ನಿಂತಿರೋನು.

ಗೋಲು ಬೀಳ್ನಿಲ್ಲ, ಡೇವಿಡ್ಡು ಮ್ಯಾನೇಜರ್ಗೂ ಊದ್ನಿಲ್ಲ, ಕೆಲ್ಸ ಕಾಯಂ ಆಯ್ತು. ಆಮ್ಯಾಕೂ ಬೋ ವರ್ಸ ಆಡ್ದೆ, ಎದ್ರಿಕೆ ಮಾತ್ರ ಕೊನೇಗಂಟ ಓಗ್ನಿಲ್ಲ. ಓಗ್ಲೇಬೇಕು ಅಂತೇನಿಲ್ಲ ಬುಡು. ಎಲ್ಲಿ ನೋಯ್ತದೆ ಅಂತ ಊರ್ಗೆಲ್ಲ ಸಾರ್ಬ್ಯಾಡ, ನಿನ್ ಬೆನ್ನಿಂದೆ ನಿಂತಿರೋನ್ಗೆ ಮಾತ್ರ ಮುಚ್ಚಿಡ್ಬ್ಯಾಡ ಕಣವ್ವಾ.