ನೀರಿಗೆ ಅದ್ದಿದ ಅರ್ಧ ನೋಟು

ನೋಡಿ, ಒಂದು ಪೇಟೆಯಲ್ಲಿ ಒಬ್ಬ ಹಣವಂತ. ಅವನಿಗೆ ಹೊಸ ನೋಟಿನ ಆಸೆಯಿಲ್ಲ, ಹಳೆಯದರ ಹುಚ್ಚು. ಆ ಪೇಟೆಯ ಬ್ಯಾಂಕು ಎಂದೋ ತಾನೇ ನೋಟು ಅಚ್ಚು ಹಾಕಿಸುತ್ತಿತ್ತಂತೆ. ಬ್ಯಾಂಕು ಮುಳುಗಿತು, ನೋಟು ಉಳಿದವು. ಅವನ್ನು ಹುಡುಕಿ, ಬಿಸಿಲಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿ ಕೂಡಿಡುತ್ತಿದ್ದ.

ಅವನಲ್ಲಿ ನೂರರ ಒಂದು ನೋಟಿತ್ತು. ಅರ್ಧ ಮಾತ್ರ! ಆಗೆಲ್ಲ ಅಂಚೆಯಲ್ಲಿ ಕಳಿಸುವಾಗ ನೋಟನ್ನು ಎರಡು ಹೋಳು ಮಾಡುತ್ತಿದ್ದರು. ಒಂದು ಮುಟ್ಟಿತೆಂದು ಕಾಗದ ಬಂದ ಮೇಲೆ ಇನ್ನೊಂದನ್ನು ಕಳಿಸುವುದು. ನಂಬಿಕೆ ಆಗಲೂ ಅಷ್ಟೇ, ನೋಡಿ! ಆ ಇನ್ನೊಂದು ಹೋಳಿಗಾಗಿ, ನೋಟಿನ ನಂಬರನ್ನು ಪೇಪರಿನಲ್ಲಿ ಹಾಕಿಸಿ, ಇಪ್ಪತ್ತು ವರ್ಷ ಹುಡುಕಿದ.

ಒಂದು ದಿನ ಒಬ್ಬ ಮುದುಕಿ ಅದನ್ನೇ ತಂದಳು.

"ನಮ್ಮಜ್ಜನ ಪೆಟ್ಟಿಗ್ಯಾಗಿತ್ತ್ರೀ ಯಪ್ಪಾ. ಕಣ್ಣಿನ ಪೊರಿ ತೆಗಸಾಕ ಎಷ್ಟಾಕ್ಕೈತಿ, ಅಷ್ಟು ಕೊಟ್ರ ಸಾಕು."

ನಂಬರು ಸರಿಯಾಗಿ ಕೂಡಿತು. ಕುಣಿದನೇ? ಇಲ್ಲ. ಇಷ್ಟು ಅಗ್ಗಕ್ಕೆ ಯಾಕೆ ಕೊಡುತ್ತಾಳೆ?

"ಕಣ್ಣು ಕಾಣೂದಿಲ್ಲಂತಿ, ನಂಬರ ಹ್ಯಾಂಗ ಓದಿದೀ?"

"ಮೊಮ್ಮಗಳು ಓದ್ಯಾಳ್ರಿ."

"ಬರೋಬ್ಬರಿ ಕಲಿಸಿ ಕಳಿಸ್ಯಾರ ನಿನ್ನ!"

ಕಳ್ಳ ನೋಟಾದರೆ ಮಸಿ ಬಿಡುತ್ತದೆ ಎಂದು ಬಟ್ಟಲ ನೀರಿಗೆ ಅದ್ದಿದ. ಸಹಿ ಕರಗಿ ಹರಿಯಿತು.

"ನಡಿ ಹೊರಗ, ಮೋಸಗಾತಿ!"

ಮುದುಕಿ ಅಳಲಿಲ್ಲ. "ನಿನ್ನ ಕಣ್ಣಿಗೂ ಪೊರಿ ಬಂದೈತೇನಪಾ?" ಎಂದಳು. ಗೋಡೆ ಹಿಡಿದುಕೊಂಡು ಹೋದಳು.

ಅನುಮಾನಕ್ಕೆ ಹೊಟ್ಟೆ ತುಂಬುತ್ತದೆಯೇ? ಇಲ್ಲ. ಅದೇ ಬ್ಯಾಂಕಿನ ತನ್ನ ಇಡೀ ನೋಟೊಂದನ್ನು ತೆಗೆದು ಅದನ್ನೂ ಅದ್ದಿದ. ಅದರ ಸಹಿಯೂ ಹರಿಯಿತು! ಅಚ್ಚಿನ ಅಕ್ಷರ ಅಲುಗಲಿಲ್ಲ. ಆ ಬ್ಯಾಂಕಿನವರು ಒಂದೊಂದು ನೋಟಿಗೂ ಪೆನ್ನಿನಿಂದ ಕೈಯಾರೆ ಸಹಿ ಹಾಕುತ್ತಿದ್ದರು. ಎರಡೂ ಅಸಲಿ. ಎರಡನ್ನೂ ತೊಳೆದವನು ತಾನೇ.

ಬಸ್ ನಿಲ್ದಾಣಕ್ಕೆ ಓಡಿದ. ಯಾವ ಬಸ್ಸು ಹತ್ತಿದಳು? ಅವಳದು ಯಾವ ಊರು? ಕೇಳಿರಲಿಲ್ಲ. ಹೇಗೂ ಸುಳ್ಳು ಹೇಳುತ್ತಾಳೆಂದು ಕೇಳಿರಲಿಲ್ಲ!

ನಗುತ್ತೀರಾ? ನಗಬೇಡಿ. ಹೆಂಡತಿ ತವರಿಗೆ ಫೋನ್ ಮಾಡಿದರೆ ಬಾಗಿಲ ಹಿಂದೆ ಕಿವಿಗೊಟ್ಟು ನಿಲ್ಲುವವರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದೀರಿ. ತಾಯಂದಿರೇ, ಕೆಲಸದವಳು ಹೊರಡುವಾಗ ಅವಳ ಚೀಲ ತಡಕುವವರು ಯಾರು? ನಾನು ಬಂದು ತಡಕುತ್ತೇನೆಯೇ?

ನಾಳೆ ಆ ಚೀಲ ಮುಟ್ಟಬೇಡಿ. ಅವಳನ್ನು ಕೂರಿಸಿ, "ನಿಮ್ಮೂರು ಯಾವುದವ್ವಾ?" ಎಂದು ಕೇಳಿ. ಅವಳು ಹೇಳಿದ್ದನ್ನು ನಂಬಿ. ಇಷ್ಟು ಮಾಡಲಾಗದಿದ್ದರೆ ಮುಂದಿನ ವಾರ ನನ್ನ ಪ್ರವಚನಕ್ಕೆ ಬರಬೇಡಿ.