ಮಧ್ವರಾಜರಿಗೆ ನಾನು ಹೊದಿಸದ ಶಾಲು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಇಂದು ಸನ್ಮಾನ ಸ್ವೀಕರಿಸಲಿರುವ ವಿದ್ವಾನ್ ಮಧ್ವರಾಜರೇ, ಎಲೆಕ್ಟ್ರಿಕ್ ಟ್ರೈನಿನಲ್ಲಿ ನಿಂತುಕೊಂಡೇ ಬಂದು ಈಗ ಕುರ್ಚಿ ಸಿಕ್ಕಿದ್ದಕ್ಕೆ ಸಂತೋಷವಾಗಿರುವ ಸಭಿಕರೇ,

ನಾನು ರಮಾಬಾಯಿ, ತಂಬೂರಿ ಮೀಟುವವಳು. ನಮ್ಮನ್ನು ಯಾರೂ ಮಾತಾಡಲು ಕರೆಯುವುದಿಲ್ಲ. ಮದರಾಸಿನ ಸಭೆಗಳಲ್ಲಿ ಇಪ್ಪತ್ತೆರಡು ವರ್ಷ ನಾನು ಮಧ್ವರಾಜರ ಬೆನ್ನು ನೋಡಿದ್ದೇನೆ. ಅವರ ಎಡಭುಜ ಸ್ವಲ್ಪ ಇಳಿದರೆ ಹಾಡಿನಲ್ಲಿ ಮುಂದೆ ದೊಡ್ಡ ಸಂಗತಿಯೊಂದು ಬರುತ್ತದೆಂದು ನನಗೆ ಗೊತ್ತು. ಅಂಥ ಗಾಯಕರು ನಮ್ಮ ಕಾಲದಲ್ಲಿ ಇನ್ನೊಬ್ಬರಿದ್ದಾರೆಯೇ? ನಾನಂತೂ ಕೇಳಿಲ್ಲ.

ಕಾರ್ಯದರ್ಶಿ ಭೋಜರಾಜರು ವಿದ್ವಾಂಸರ ಸರಳತೆಯ ಬಗ್ಗೆ ಮಾತಾಡಿ ಎಂದಿದ್ದರು. ಸರಳರು, ನಿಜ. ಮನಸ್ಸಿನಲ್ಲಿದ್ದದ್ದನ್ನು ಹಾಗೆಯೇ ಹೇಳಿಬಿಡುತ್ತಾರೆ. ಎಪ್ಪತ್ತಾರರ ಜುಲೈಯಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಕಚೇರಿಗೆ ಮುಂಚೆ ಮೈಕು ಹಿಡಿದು ಅವರು ಹೇಳಿದ್ದು ನನಗೆ ಬಾಯಿಪಾಠವಾಗಿದೆ: "ಮುಷ್ಕರದವರನ್ನು ಒಳಗೆ ಹಾಕಿದ್ದು ಒಳ್ಳೆಯದಾಯಿತು. ಇನ್ನೂ ಹತ್ತು ವರ್ಷ ಬಿಡಬಾರದು." ಜನ ಚಪ್ಪಾಳೆ ತಟ್ಟಿದರು.

ನಮ್ಮ ಯಜಮಾನರು ಸೀತಾರಾಮ, ಸಭೆಯಲ್ಲಿ ಗಂಡನ ಹೆಸರು ಹೇಳಿದ್ದಕ್ಕೆ ಹಿರಿಯರು ಕ್ಷಮಿಸಬೇಕು, ರೈಲ್ವೆ ಯೂನಿಯನ್ನಿನವರು. ಆಗ ಅವರು ಜೈಲಿಗೆ ಹೋಗಿ ಐದು ತಿಂಗಳಾಗಿತ್ತು. ವಿಚಾರಣೆಯೂ ಇಲ್ಲ, ಕಾಗದವೂ ಇಲ್ಲ. ಹಾಡುವ ಮುಂಚೆ ಮಧ್ವರಾಜರು ಹಿಂದಕ್ಕೆ ತಿರುಗಿ ತಂಬೂರಿಯವರನ್ನು ಒಮ್ಮೆ ನೋಡುತ್ತಾರೆ. ಆಮೇಲೆಯೇ ಶ್ರುತಿ ಶುರುವಾಗಬೇಕು. ಅವತ್ತೂ ನೋಡಿದರು. ತಂಬೂರಿಯನ್ನು ಮಲಗಿಸಿ ನಾನು ಎದ್ದುಹೋಗಬಹುದಿತ್ತು. ಮೀಟಿದೆ.

ಯಜಮಾನರು ಬಿಡುಗಡೆಯಾಗಿ ಬಂದಾಗ ಕೇಳಿದ್ದು ಇಷ್ಟೇ: "ಅವ್ರು ಹಾಗಂದಾಗ ನೀನು ಅಲ್ಲೇ ಇದ್ದೆಯಾ?" ಇದ್ದೆ ಎಂದೆ. ಅದರ ನಂತರ ತಾಂಬರಂನ ಮನೆಯಿಂದ ಪ್ರತಿ ಕಚೇರಿಗೂ ತಂಬೂರಿ ಹೊತ್ತು ತಂದವರು ಅವರೇ, ಆದರೆ ಗೇಟು ದಾಟಿ ಒಳಗೆ ಬಂದವರಲ್ಲ. ಹೊರಗಿನ ಟೀ ಅಂಗಡಿಯಲ್ಲಿ ಕೂತಿರುತ್ತಿದ್ದರು. ಇವತ್ತು ನಾನು ಮಾತಾಡುತ್ತೇನೆಂದು ಒಳಗೆ ಬಂದಿದ್ದಾರೆ, ನಾಲ್ಕನೆಯ ಸಾಲಿನಲ್ಲಿದ್ದಾರೆ.

ಹೋದ ವಾರ ಮಧ್ವರಾಜರ ಮನೆಗೆ ಹೋಗಿ, ಅವತ್ತಿನ ಮಾತು ಈಗಲೂ ಸರಿಯೆನಿಸುತ್ತದೆಯೇ ಎಂದು ಕೇಳಿದೆ. ಕಾಫಿ ಲೋಟ ನನ್ನ ಕೈಗೆ ಕೊಡುತ್ತಾ, "ಸರಿಯೇ ಅಲ್ಲವೇನಮ್ಮ?" ಎಂದರು. ಕಾಫಿ ಕುಡಿದು ಬಂದೆ.

ಸನ್ಮಾನಿತರ ಜೊತೆ ಕೂರುವ ಕಲಾವಿದರಲ್ಲಿ ಹಿರಿಯರಾದವರು ಶಾಲು ಹೊದಿಸುವುದು ನಮ್ಮ ಸಂಘದ ಪದ್ಧತಿ. ಅದು ನನ್ನಿಂದಾಗದು, ಅಧ್ಯಕ್ಷರು ಹೊದಿಸಲಿ. ಸನ್ಮಾನವಾದ ಮೇಲೆ ಅವರು ಹಾಡುತ್ತಾರಲ್ಲ, ಆಗ ತಂಬೂರಿ ನಾನೇ ಮೀಟುತ್ತೇನೆ. ಬೇರೆ ಯಾರಿಗೂ ಕೊಡುವುದಿಲ್ಲ.

ಒಂದು ಮಾತು ಉಳಿದಿದೆ. ಎಂಟು ವರ್ಷ ಮನೆಯಲ್ಲಿ ಹೇಳಲಾಗಲಿಲ್ಲ, ಮೈಕಿನ ಮುಂದೆ ಸುಲಭವಾಗಿದೆ. ರೀ, ಅವತ್ತು ಅವರು ತೋಡಿ ರಾಗ ಹಾಡಿದರು. ನಾನು ಕೇಳಿದ್ದರಲ್ಲೆಲ್ಲ ಅದೇ ದೊಡ್ಡದು. ಅದು ಮುಗಿಯುವವರೆಗೆ ನೀವು ಜೈಲಿನಲ್ಲಿರುವುದೇ ನನಗೆ ಮರೆತುಹೋಗಿತ್ತು.

ಇಷ್ಟು ಹೊತ್ತು ಕೇಳಿದ್ದೀರಿ, ಉಪಕಾರವಾಯಿತು. ನಮಸ್ಕಾರ.