ಒಂದೂವರೆ ತೊಲ ನೀರು

ಹಲೋ... ಹಲೋ, ಯಾರು ಮಾತಾಡೋರು?... ಮಾಯಪ್ಪಾ? ಬೆಳಗಾವಿ ಸಾಲಿ ಸಿಪಾಯಿ ಮಾಯಪ್ಪ ಹೌದಲ್ಲೊ?... ನಾ ಗೋಕಾಕದಿಂದ, ಹತ್ತಿ ವ್ಯಾಪಾರದ ಧನಪಾಲ. ರಸಾಯನಶಾಸ್ತ್ರ ಕಲಸೂ ಹಣಮಂತ ಮಾಸ್ತರನ್ನ ಕರಿ. ಲಗೂ ಕರಿಯೋ ಮಾರಾಯಾ, ಈ ಯುದ್ಧದ ಗದ್ದಲದಾಗ ಎರಡು ತಾಸು ಕಾದಮ್ಯಾಲೆ ಟ್ರಂಕ್ ಕಾಲ್ ಸಿಕ್ಕೈತಿ...

ಹಾಂ, ಮಾಸ್ತರ, ನಮಸ್ಕಾರ್ರಿ. ನಾ ನಿಮ್ಮ ವರ್ಗದ ರಾಜಮತಿ ಅಪ್ಪ... ಆರಾಮ? ಎಲ್ಲಿ ಆರಾಮ್ರಿ! ನಿಮ್ಮ ವಿದ್ಯಾ ನಮ್ಮ ಅಡಗಿಮನಿತನಾ ಬಂದೈತಿ. ನಮ್ಮವ್ವ ತಾರಾಬಾಯಿ ನಿನ್ನಿ ಮುಂಜಾನಿಂದ ಒಂದು ಹನಿ ನೀರು ಮುಟ್ಟಿಲ್ಲ...

ಜ್ವರಾ ಗಿರಾ ಏನೂ ಇಲ್ರಿ. ನಿಮ್ಮ ಲೆಕ್ಕ ಬಡದೈತಿ ಅಕಿಗೆ... ಯಾವ ಲೆಕ್ಕ ಅಂತ ನನ್ನ ಕೇಳ್ತೀರಲ್ರಿ! ಹುಡುಗಿ ನೋಟ್‌ಬುಕ್ ನನ್ನ ಕೈಯಾಗ ಐತಿ. ಹದಿನೆಂಟು ಗ್ರಾಂ ನೀರು ಅಂದ್ರ ಒಂದು ಗ್ರಾಂ-ಅಣು. ನಮ್ಮ ತಕ್ಕಡಿಯಾಗ ಒಂದೂವರಿ ತೊಲಿ, ಹೌದಲ್ರಿ? ಅದರಾಗ ಅಣು ಎಷ್ಟು? ಆರರ ಮುಂದ ಇಪ್ಪತ್ಮೂರು ಸೊನ್ನಿ! ನಾ ಸೊನ್ನಿ ಎಣಸೂದ್ರಾಗ ಗಿರಾಕಿ ಎದ್ದು ಹೋದ...

ಲೆಕ್ಕ ಬರೋಬರಿ ಐತ್ರಿ, ಯಾರು ಇಲ್ಲಂದ್ರು? ಆದ್ರ ನಾವು ಜೈನರು, ನಮ್ಮವ್ವ ಅರವತ್ತು ವರ್ಷದಿಂದ ನೀರು ಸೋಸಿ ಕುಡಿಯಾಕಿ. ನೀರಾಗಿನ ಜೀವ ಹೊಟ್ಟಿಗೆ ಹೋಗಬಾರದು ಅಂತ ದಪ್ಪ ಬಟ್ಟಿ ಎರಡು ಮಡಚಿ ಸೋಸತಾಳ. ಆ ಬಟ್ಟಿ ಜಾಲಿಸಿದ ನೀರು ತಿರಗಿ ಅದ ಬಾವಿಗೆ ಬಿಡತಾಳ. ಈಗ ಅಂತಾಳ, ಒಂದು ತಂಬಿಗಿಗೆ ಮೂರರ ಮುಂದ ಇಪ್ಪತ್ತೈದು ಸೊನ್ನಿ, ಎಲ್ಲಾ ಬಟ್ಟಿ ದಾಟಿ ಹೊಟ್ಟಿಗೆ ಹೋಗ್ಯಾವು, ಅರವತ್ತು ವರ್ಷ ಸುಳ್ಳಾತು ಅಂತ...

ನಗಬ್ಯಾಡ್ರಿ... ಅಣುವಿಗೆ ಜೀವ ಇಲ್ಲ, ನನಗ ಗೊತ್ತೈತಿ. ಅಕಿಗೂ ಹೇಳಿದ್ನಿ. ಅಕಿ ಏನಂದ್ಲು ಗೊತ್ತೇನ್ರಿ? ನೀರಿನ ಅಣು ಒಂದನ್ನೊಂದು ಎಳಕೋತಾವ, ಅದಕ್ಕ ಹನಿ ದುಂಡಗ ನಿಲ್ಲತೈತಿ ಅಂತ ನೀವ ಬರಸೀರಿ. ಜೀವ ಇಲ್ಲದ್ದು ಯಾಕ ಎಳಕೋತೈತಿ ಅಂತ ಕೇಳಿದ್ಲು. ಹೇಳ್ರಿ, ಯಾಕ ಎಳಕೋತಾವ?...

ಹಾಂ... ಹಾಂ... ಅಣುವಿನ ಒಂದು ತುದಿಗೆ ಧನ ವಿದ್ಯುತ್, ಇನ್ನೊಂದು ತುದಿಗೆ ಋಣ... ಮಾಸ್ತರ, ಇದು ನನಗ ತಿಳೀವಲ್ದು, ಎಪ್ಪತ್ತರ ಮುದುಕಿಗೆ ತಿಳೀತೈತೇನ್ರಿ?... ಅಯಸ್ಕಾಂತ? ಅದೂ ಕಬ್ಬಿಣ ಎಳೀತೈತಿ, ಅದಕ್ಕ ಜೀವ ಐತೇನು ಅಂತೀರಾ? ಅಯ್ಯ ಮಾರಾಯ್ರ, ಆ ಮಾತು ಎತ್ತಲೇಬ್ಯಾಡ್ರಿ! ಕಲ್ಲಿಗೂ ಮಣ್ಣಿಗೂ ಜೀವ ಐತಿ ಅನ್ನಾಕಿ ಅಕಿ. ನಾಳಿಂದ ಕಟ್ಟಿ ಮ್ಯಾಲೂ ಕುಂಡ್ರಾಂಗಿಲ್ಲ...

ಹುಕ್ಕೇರಿಯಿಂದ ವೈದ್ಯರು ಬಂದಿದ್ರು. ಈ ಬ್ಯಾಸಗಿಯಾಗ ಇನ್ನೊಂದು ದಿನ ತಡಿಯಾಂಗಿಲ್ಲ ಅಂದ್ರು. ನನಗ ಭಾಳ ಅಂಜಿಕಿ ಆಗೇತ್ರಿ, ಖರೆ ಹೇಳ್ತೇನಿ. ರಾಜಮತಿನೂ ಸೂಟಿ ಮುಗಿಸಿ ನಿನ್ನಿ ಬಸ್ಸಿಗೆ ಬೋರ್ಡಿಂಗಿಗೆ ಬರಬೇಕಾಗಿತ್ತು, ಅಜ್ಜಿ ಬಾಜೂ ಬಿಟ್ಟು ಏಳವಲ್ಲಳು...

ಏನಂದ್ರಿ? ಸೋಸೂದು ಹುಳಕ್ಕ, ಅಣುವಿಗಲ್ಲ? ಹುಳ ಬಟ್ಟಿಗೆ ಸಿಗತಾವು? ಅರವತ್ತು ವರ್ಷ ಸುಳ್ಳಾಗಿಲ್ಲ ಅಂತೀರಿ? ಭೇಶ್! ಇದನ್ನ ಮೊದಲ ವರ್ಗದಾಗ ಹೇಳಿದ್ರ ನಿಮ್ಮ ಪಗಾರ ಕಡಿಮಿ ಆಗತಿತ್ತೇನ್ರಿ?... ತಡೀರಿ, ಅವ್ವ ಇಲ್ಲೇ ಬಾಗಲದಾಗ ಬಂದು ನಿಂತಾಳ, ಅಕಿಗೆ ಹೇಳ್ರಿ. ಅವ್ವಾ, ತಗೊ. ಇದನ್ನ ಕಿವಿಗೆ ಹಿಡಿ, ಇದನ್ನ ಬಾಯಿಗೆ. ನೀನ ಮಾತಾಡು...

ಮಾಸ್ತರಾ, ನಾ ತಾರಾಬಾಯಿ, ರಾಜಮತಿ ಅಜ್ಜಿ. ನೀ ಅಂದ್ರ ಸಿಟ್ಟಾಗಬ್ಯಾಡ, ನನ್ನ ಮಗನಕಿಂತ ಸಣ್ಣಾಂವ ಅದಿ... ಹಾಂ... ಹಾಂ, ಹುಳಕ್ಕ. ಗೊತ್ತೈತಪಾ. ಬಟ್ಟಿ ಯಾತಕ್ಕ ಅಂತ ನಾ ಏಳು ವರ್ಷದಾಕಿ ಇದ್ದಾಗ ನಮ್ಮವ್ವ ಹೇಳ್ಯಾಳ...

ಮತ್ತ ನೀರು ಕುಡಿಯೂದು ಯಾಕ ಬಿಟ್ಟಿ ಅಂತಿ? ಇದನ್ನ ನನ್ನ ಮಗಗೂ ಹೇಳಿಲ್ಲ. ನಮ್ಮಜ್ಜಿ ನೀರು ಸೋಸಿ ಕುಡೀತಾಳ ಅಂದದ್ದಕ್ಕ ಹುಡುಗಿನ್ನ ವರ್ಗದಾಗ ಎಬ್ಬಿಸಿ ನಿಲ್ಲಿಸಿ, ಮನಿಗೆ ಹೋಗಿ ನಿಮ್ಮಜ್ಜಿ ಬಟ್ಟಿಯಾಗ ಎಷ್ಟು ಅಣು ಸಿಕ್ಕಾವು ಎಣಿಸಿಕೊಂಡು ಬಾ ಅಂದಿ, ಹೌದಲ್ಲೊ?... ಚ್ಯಾಷ್ಟಿಗೆ ಅಂದಿ? ಇಡೀ ವರ್ಗ ನಕ್ಕಿತಂತ. ಇನ್ನ ಸಾಲಿಗೆ ಹೋಗಾಂಗಿಲ್ಲ ಅಂತ ನನ್ನ ಉಡಿಯಾಗ ಮಾರಿ ಇಟ್ಟು ಅತ್ತಾಳ...

ಸಾಲಿ ನಾ ಬಿಡಸಾಂಗಿಲ್ಲ. ನಾಳೆ ಅಕಿ ಬರ್ತಾಳ. ಅದ ವರ್ಗದಾಗ, ಅದ ಹುಡುಗೂರ ಮುಂದ, ತಪ್ಪಾತು ಅಂತ ಅಕಿಗೆ ಹೇಳ್ತಿ? ಹೂಂ ಅನ್ನು, ಈಗಿಂದೀಗ ನೀರು ಕುಡೀತೇನಿ. ಕುಡಿಯಾಕ ನನಗೂ ಭಾಳ ಆಶಾ ಆಗೇತಿ...

ಹೇಳ್ತಿ?...

ಮಾಸ್ತರಾ?...

ಧನಪಾಲಾ, ಇದರಾಗ ಯಾರೂ ಇಲ್ಲಲ್ಲೋ.